ಮನೆ ಸಭೆಯಲ್ಲಿ ಮದುವೆ ಮಾಡಿಸುವ ಮುಂಚೆ ಲೈಸೆನ್ಸ್ ಕೇಳಿ

ನನ್ನ ತಂಗಿಗೆ ಮೈಸೂರಿನಲ್ಲಿ ಎರಡು ಸಲ ಮದುವೆ ಆಯಿತು. ಗಂಡ ಒಬ್ಬನೇ! ಮನೆ ಸಭೆಗೆ, ಅಂದರೆ ಚರ್ಚ್ ಕಟ್ಟಡದ ಬದಲು ಯಾರದಾದರೂ ಮನೆಯಲ್ಲೇ ಸೇರುವ ಕ್ರೈಸ್ತ ಆರಾಧನೆಗೆ ಹೋಗುವವರು, ಅದರಲ್ಲೂ ಮದುವೆ ವಯಸ್ಸಿನ ಮಕ್ಕಳಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಮೂರು ತಲೆಮಾರಿನಿಂದ ಪ್ರೊಟೆಸ್ಟೆಂಟ್ ಮನೆ. ಹಳೇ ಚರ್ಚಿನಲ್ಲಿ ಕಮಿಟಿ ಚುನಾವಣೆ ಬಂದರೆ ಸಾಕು, ಆರಾಧನೆ ಮುಗಿದ ಕೂಡಲೇ ಅಂಗಳದಲ್ಲೇ ಜಗಳ. ಲಾಕ್‌ಡೌನ್ ಮುಗಿದ ಮೇಲೆ ಅಲ್ಲಿಗೆ ವಾಪಸ್ ಹೋಗುವ ಮನಸ್ಸಾಗಲಿಲ್ಲ. ಪರಿಚಯದವರೊಬ್ಬರು ಕುವೆಂಪುನಗರದ ಒಂದು ಮನೆ ಸಭೆಗೆ ಕರೆದರು.

ಅಲ್ಲಿ ಖುಷಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಾಲ್‌ನಲ್ಲಿ ಚಾಪೆ ಹಾಸಿ ಇಪ್ಪತ್ತು ಜನ ಕೂರುತ್ತಿದ್ದೆವು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗಲೇ ಕೀರ್ತನೆ. ಪಿಯುಸಿ ಓದುವ ಹುಡುಗಿಯೂ ಎದ್ದು ಬೈಬಲ್ ವಾಕ್ಯದ ಬಗ್ಗೆ ಮಾತಾಡುತ್ತಿದ್ದಳು. ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಆದ ಮೇಲೆ ಅಲ್ಲೇ ಮುದ್ದೆ, ಉಪ್ಸಾರು. ಹಳೇ ಚರ್ಚಿನಲ್ಲಿ ಇಪ್ಪತ್ತು ವರ್ಷ ಪಕ್ಕದ ಬೆಂಚಿನಲ್ಲಿ ಕೂತವರ ಮನೆ ಎಲ್ಲಿ ಅಂತ ನನಗೆ ಗೊತ್ತಿರಲಿಲ್ಲ. ಇಲ್ಲಿ ಎರಡೇ ತಿಂಗಳಲ್ಲಿ ಯಾರಿಗೆ ಶುಗರ್, ಯಾರಿಗೆ ಸಾಲ ಎಲ್ಲಾ ಗೊತ್ತಾಗಿತ್ತು.

ಸಭೆ ನಡೆಸುತ್ತಿದ್ದವರನ್ನು ಬ್ರದರ್ ಅನ್ನುತ್ತಿದ್ದೆವು. "ಪ್ರಿಸ್ಕಿಲ್ಲ, ಅಕ್ವಿಲರ ಮನೆಯಲ್ಲೇ ಸಭೆ ಕೂಡುತ್ತಿತ್ತು, ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ನೋಡಿ. ಫಿಲೋಮಿನಾ ಚರ್ಚಿನಂಥ ಗೋಪುರ ಪೌಲನಿಗೆ ಎಲ್ಲಿತ್ತು?" ಅಂತ ಕೇಳುತ್ತಿದ್ದರು. ಮಾತು ನಿಜವೇ. ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ ಅಗೆದಾಗ, ಮೂರನೇ ಶತಮಾನದಲ್ಲಿ ವಾಸದ ಮನೆಯನ್ನೇ ಸಭೆಗೆ ಮಾರ್ಪಡಿಸಿಕೊಂಡಿದ್ದು ಸಿಕ್ಕಿದೆ. ಆದರೆ ಈ ನಿಜದ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು. ರಿಜಿಸ್ಟರು, ರಸೀದಿ, ಲೈಸೆನ್ಸು ಎಲ್ಲ ಬರೀ ಮನುಷ್ಯರ ಕಟ್ಟಳೆಯಂತೆ.

ದಶಮಾಂಶ, ಅಂದರೆ ನಾವು ಕೊಡುವ ಆದಾಯದ ಹತ್ತನೇ ಒಂದು ಪಾಲು, ಬ್ರದರ್ ಅವರ ಸ್ವಂತ ಖಾತೆಗೇ ಹೋಗುತ್ತಿತ್ತು. ಲೆಕ್ಕ ಕೇಳಿದ ಒಬ್ಬ ಅಣ್ಣನಿಂದ "ಸಂಶಯದ ಆತ್ಮ" ಬಿಡಿಸಲು ಮೂರು ವಾರ ಎಲ್ಲರ ಮುಂದೆ ಪ್ರಾರ್ಥನೆ ನಡೆಯಿತು. ನಾನೂ ಅವರ ಕಡೆ ಕೈಚಾಚಿ ಪ್ರಾರ್ಥಿಸಿದೆ. ನೆನೆದರೆ ಇವತ್ತಿಗೂ ನಾಚಿಕೆ. ಆವತ್ತೇ ಎಚ್ಚೆತ್ತುಕೊಳ್ಳಬೇಕಿತ್ತು.

ತಂಗಿಯ ಮದುವೆಯನ್ನೂ ಬ್ರದರ್ ಅವರೇ ಒಂದು ಪಾರ್ಟಿ ಹಾಲಿನಲ್ಲಿ ನಡೆಸಿದರು. ಹುಡುಗ ಮಂಡ್ಯದವನು, ಒಳ್ಳೆಯವನು. ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟ್ ಕೊಟ್ಟರು. ಅಮ್ಮ ಅದನ್ನು ಲ್ಯಾಮಿನೇಷನ್ ಮಾಡಿಸಿಟ್ಟರು.

ಒಂದೂವರೆ ವರ್ಷದ ಮೇಲೆ ಹುಡುಗನಿಗೆ ಕುವೈತ್‌ನಲ್ಲಿ ಕೆಲಸ ಸಿಕ್ಕಿತು. ತಂಗಿಯ ವೀಸಾಗೆ ಕಾಗದ ಕೊಟ್ಟರೆ, ಈ ಸರ್ಟಿಫಿಕೇಟ್ ನಡೆಯಲ್ಲ ಅಂದರು. ಲಾಯರ್ ಹತ್ತಿರ ಓಡಿದೆವು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಅಂತ ಒಂದಿದೆಯಂತೆ. ಬಿಷಪರಿಂದ ಅಭಿಷೇಕ ಪಡೆದ ಪಾದ್ರಿ, ಸರ್ಕಾರದ ಲೈಸೆನ್ಸ್ ಇರುವ ಪಾಸ್ಟರ್, ಮ್ಯಾರೇಜ್ ರಿಜಿಸ್ಟ್ರಾರ್, ಹೀಗೆ ಕಾಯ್ದೆ ಒಪ್ಪಿದವರೇ ಮದುವೆ ನಡೆಸಬೇಕು. ಅಧಿಕಾರ ಇಲ್ಲದವರು ನಡೆಸಿದರೆ 10 ವರ್ಷದವರೆಗೆ ಜೈಲಾಗಬಹುದು. ಮದುವೆಯೂ ಅಸಿಂಧು.

"ಅಸಿಂಧು ಅಂದರೇನು?" ಅಂತ ಅಮ್ಮ ಕೇಳಿದರು.

"ಮದುವೆ ಆಗೇ ಇಲ್ಲ ಅಂತ, ಅಮ್ಮ."

ತಂಗಿಗೆ ಆಗ ಆರು ತಿಂಗಳು.

ಬ್ರದರ್‌ಗೆ ಫೋನ್ ಮಾಡಿದೆ. "ಸ್ವರ್ಗದಲ್ಲಿ ರಿಜಿಸ್ಟರ್ ಆಗಿದೆ, ಭಯಪಡಬೇಡಿ" ಅಂದರು. ಸ್ವರ್ಗದಲ್ಲಿ ವೀಸಾ ಆಫೀಸು ಇಲ್ಲವಲ್ಲ! ಮಾರನೇ ದಿನದಿಂದ ಅವರ ಫೋನ್ ಸ್ವಿಚ್ ಆಫ್.

ಕೊನೆಗೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಹಾಕಿದೆವು. 30 ದಿನದ ನೋಟಿಸ್, ಮೂವರು ಸಾಕ್ಷಿಗಳು. ಊದಿದ ಕಾಲಿನಲ್ಲಿ ತಂಗಿ ಆ ಆಫೀಸಿನ ಸಾಲಿನಲ್ಲಿ ನಿಂತಿದ್ದನ್ನು ನಾನು ಮರೆಯುವುದಿಲ್ಲ. ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರು ಓದಿ ಯಾರೋ ನಕ್ಕರು.

ಮನೆ ಸಭೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನು ಈಗಲೂ ಬೇರೆ ಒಂದಕ್ಕೆ ಹೋಗುತ್ತೇನೆ. ಅಲ್ಲಿ ಕಾಣಿಕೆ ಲೆಕ್ಕವನ್ನು ಇಬ್ಬರು ಬರೆಯುತ್ತಾರೆ, ಯಾರು ಬೇಕಾದರೂ ನೋಡಬಹುದು. ಮದುವೆ ವಿಷಯ ಬಂದರೆ ಮಾತ್ರ ನಡೆಸುವವರ ಲೈಸೆನ್ಸ್ ಕಾಗದವನ್ನು ಕಣ್ಣಾರೆ ನೋಡಿ. ತೋರಿಸೋಕೆ ಮುಜುಗರ ಪಟ್ಟರೆ ಅಲ್ಲಿಂದ ಎದ್ದು ಬನ್ನಿ. ಹಳೇ ಚರ್ಚಿನ ಸದಸ್ಯತ್ವವನ್ನೂ ಕೋಪದಲ್ಲಿ ಬಿಡಬೇಡಿ. ನಾವು ಬಿಟ್ಟೆವು. ನಾಳೆ ಮಣ್ಣು ಮಾಡೋಕೆ ಜಾಗ ಕೇಳಬೇಕಾದರೆ ಅವರ ಬಾಗಿಲಿಗೇ ಹೋಗಬೇಕು, ಅಲ್ವಾ?

ಈಗ ಹೋಗುವ ಸಭೆಯಲ್ಲಿ ಹೋದ ತಿಂಗಳು ಒಂದು ಮದುವೆ ಆಯಿತು. ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ. ಸಂಜೆ ಮನೆಯ ತಾರಸಿ ಮೇಲೆ ಪ್ರಾರ್ಥನೆ, ಬಿರಿಯಾನಿ.