ಮೊದಲ ನಾಣ್ಯ ಮಾತ್ರ ಅಸಲಿ

ನಾನು ಕೊಂಡ ನಾಲ್ಕು ಚಿನ್ನದ ನಾಣ್ಯಗಳಲ್ಲಿ ಮೂರು ನಕಲಿ. ಪರೀಕ್ಷೆ ಮಾಡಿಸದೆ ಕೊಂಡು ಮೋಸ ಹೋದೆ ಅಂದುಕೊಳ್ಳಬೇಡಿ. ತೂಕ, ಅಳತೆ, ಅಯಸ್ಕಾಂತ, ಒರೆಗಲ್ಲು ಎಲ್ಲಾ ಆಗಿತ್ತು. ಎಲ್ಲದರಲ್ಲೂ ಪಾಸಾಗಿದ್ದವು.

ಮಾರಿದವರು ಪರಿಚಯದವರಿಗೆ ಪರಿಚಯ. ಮೊದಲು ಒಂದೇ ನಾಣ್ಯ ಕೊಟ್ಟು, "ಎಲ್ಲಿ ಬೇಕಾದರೂ ತೋರಿಸಿಕೊಂಡು ಬನ್ನಿ, ಆಮೇಲೆ ದುಡ್ಡು ಕೊಡಿ" ಅಂದರು. ತೋರಿಸಿದೆ. ಅದು ನಿಜಕ್ಕೂ ಅಸಲಿ. ಸ್ವಲ್ಪ ದಿನ ಬಿಟ್ಟು ಅದೇ ತರಹದ್ದು ಇನ್ನೂ ಮೂರು ಇವೆ ಅಂತ ಫೋನ್ ಬಂತು. ಅಷ್ಟರಲ್ಲಿ ನಂಬಿಕೆ ಬಂದುಬಿಟ್ಟಿತ್ತು ಅಲ್ವಾ? ಆದರೂ ಸುಮ್ನೆ ಇರಲಿ ಅಂತ ಮತ್ತೆ ಪರೀಕ್ಷೆಗೆ ಕೂತೆ.

ಒಂದೊಂದೂ ಒಂದು ಔನ್ಸಿನ, 24 ಕ್ಯಾರೆಟ್ ಅಂತ ಅಚ್ಚಾದ ನಾಣ್ಯ. ತೂಕ 31.1 ಗ್ರಾಂ, ಸರಿ. ಅಯಸ್ಕಾಂತಕ್ಕೆ ಅಂಟಲಿಲ್ಲ. ತಾಮ್ರ, ಸೀಸ ಕೂಡ ಅಂಟುವುದಿಲ್ಲ, ಆ ಪರೀಕ್ಷೆಗೆ ಹೆಚ್ಚು ಬೆಲೆ ಕೊಡಬೇಡಿ. ದಾರ ಕಟ್ಟಿ ನೀರಲ್ಲಿ ಇಳಿಬಿಟ್ಟು ತೂಗಿದೆ. ಸುಮಾರು 1.61 ಗ್ರಾಂ ಕಡಿಮೆ ತೋರಿಸಿತು. ಪೂರ್ತಿ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 19.3, ಪುಸ್ತಕದಲ್ಲಿರುವ ಚಿನ್ನದ ಸಾಂದ್ರತೆಯೇ. ಒರೆಗಲ್ಲಿಗೆ ಉಜ್ಜಿದಾಗ ಬಿದ್ದ ಹಳದಿ ಗೆರೆ ಆಸಿಡ್ ಹಾಕಿದರೂ ಮಾಸಲಿಲ್ಲ. ಎಕ್ಸ್‌ರೇ ಯಂತ್ರವೂ ಅಪ್ಪಟ ಚಿನ್ನ ಅಂದಿತು. ಇನ್ನೇನು ಬೇಕು? ದುಡ್ಡು ಕೊಟ್ಟೆ.

ಆರು ತಿಂಗಳಾದ ಮೇಲೆ ಆ ಮೂರರಲ್ಲಿ ಒಂದನ್ನು ಮಾರಲು ಹೋದೆ. ಅಕ್ಕಸಾಲಿ ಕರಗಿಸಿ ನೋಡಿಯೇ ತಗೊಳ್ಳುವುದು ಅಂದರು. ಒಪ್ಪಿದೆ. ಮೂಸೆಯಲ್ಲಿ ಇಟ್ಟು ಉರಿ ಬಿಟ್ಟರು. ಮೇಲಿನ ಮುಖ ಹೊಳೆದು, ಸುಕ್ಕಾಗಿ, ಹಾಲಿನ ಕೆನೆ ಜಾರಿದಂತೆ ಪಕ್ಕಕ್ಕೆ ಜಾರಿತು. ಒಳಗಿಂದ ಬೂದು ಬಣ್ಣದ ಬಿಲ್ಲೆಯೊಂದು ಎದ್ದು ಕಂಡಿತು. ಉರಿ ಜಾಸ್ತಿ ಮಾಡಿದರೂ ಅಲುಗಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಮೂಸೆ ನೋಡುತ್ತಾ ನಿಂತೆ.

ಅದು ಟಂಗ್‌ಸ್ಟನ್ ಅನ್ನುವ ಲೋಹ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದಕ್ಕೆ 3422 ಡಿಗ್ರಿ ಬೇಕು. ಸಾಂದ್ರತೆ ಮಾತ್ರ 19.25, ಚಿನ್ನಕ್ಕೆ ಹೆಚ್ಚುಕಡಿಮೆ ಸಮ. ಒಂದು ಔನ್ಸಿನ ನಾಣ್ಯವನ್ನು ನೀರಲ್ಲಿ ತೂಗಿದರೆ ಎರಡಕ್ಕೂ ಬರುವ ವ್ಯತ್ಯಾಸ 0.01 ಗ್ರಾಂಗೂ ಕಡಿಮೆ. ನನ್ನ ತಕ್ಕಡಿಗೆ ಅದು ಕಾಣುವುದೇ ಇಲ್ಲ. ಒರೆಗಲ್ಲು ನೋಡುವುದು ಮೇಲಿನ ಚರ್ಮವನ್ನು. ಎಕ್ಸ್‌ರೇ ಯಂತ್ರವೂ ಚಿನ್ನದಲ್ಲಿ ಕೂದಲಿನ ದಪ್ಪದಷ್ಟೂ ಒಳಗೆ ನೋಡುವುದಿಲ್ಲ. ನಾನು ಒಂದೇ ಚರ್ಮವನ್ನು ಎರಡು ಸಲ ಪರೀಕ್ಷಿಸಿ ಖುಷಿಪಟ್ಟಿದ್ದೆ, ಅಷ್ಟೇ. 22 ಕ್ಯಾರೆಟ್ ನಾಣ್ಯಕ್ಕಾದರೆ ನೀರಿನ ಪರೀಕ್ಷೆ ಇನ್ನೂ ಕೆಲಸಕ್ಕೆ ಬರುತ್ತದೆ. ಅದರ ಸಾಂದ್ರತೆ ಸುಮಾರು 17.5 ಇರಬೇಕು, ಬರೀ ಟಂಗ್‌ಸ್ಟನ್ ತುಂಬಿದರೆ ಭಾರ ಹೆಚ್ಚಾಗಿ ಸಿಕ್ಕಿಬೀಳುತ್ತದೆ.

ಉಳಿದ ಎರಡನ್ನು ಅಲ್ಟ್ರಾಸೌಂಡ್ ಇರುವ ಕಡೆ ಒಯ್ದೆ. ಶಬ್ದ ಚಿನ್ನದೊಳಗೆ ಸೆಕೆಂಡಿಗೆ ಸುಮಾರು 3240 ಮೀಟರ್ ಓಡಿದರೆ ಟಂಗ್‌ಸ್ಟನ್‌ನಲ್ಲಿ ಸುಮಾರು 5200. ನಾಣ್ಯ ಕೆಡುವುದಿಲ್ಲ, ಒಳಗಿನ ಗುಟ್ಟು ಹೊರಬೀಳುತ್ತದೆ. ಎರಡೂ ನಕಲಿ ಅಂತ ಅಲ್ಲೇ ಗೊತ್ತಾಯಿತು. ಕೊಳ್ಳುವ ಮೊದಲು ಮಾಡಿಸಬೇಕಾಗಿದ್ದ ಪರೀಕ್ಷೆ ಇದು. ಅದೂ ಒಂದೊಂದು ನಾಣ್ಯಕ್ಕೂ.

ಮನೆಗೆ ಬಂದು ಭೂತಗನ್ನಡಿ ಹಿಡಿದೆ. ಎರಡು ನಾಣ್ಯದಲ್ಲೂ ಒಂದೇ ಅಕ್ಷರದ ಕೆಳಗೆ ಒಂದೇ ಆಕಾರದ ಸಣ್ಣ ಗುಳಿ. ಎಲ್ಲೋ ಪೆಟ್ಟು ತಿಂದ ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆದಿದ್ದಾರೆ, ಆ ಪೆಟ್ಟೂ ಅಚ್ಚಿನ ಜೊತೆ ಬಂದಿದೆ. ಕೊಳ್ಳುವ ದಿನವೇ ಪಕ್ಕಪಕ್ಕ ಇಟ್ಟು ನೋಡಿದ್ದರೆ ಬರಿಗಣ್ಣಿಗೂ ಅನುಮಾನ ಬರುತ್ತಿತ್ತೇನೋ.

ಮಾರಿದವರ ಫೋನ್ ಈಗ ಸ್ವಿಚ್ ಆಫ್. ದೂರು ಕೊಡಲು ಹೋದಾಗ ಮೊದಲು ಕೇಳಿದ್ದು ಬಿಲ್. ಪರಿಚಯದವರಿಗೆ ಪರಿಚಯ ಅಂತ ಅದನ್ನು ಕೇಳಿಯೇ ಇರಲಿಲ್ಲ.