ಕಥಾಸ್ಪರ್ಧೆಗೆ ಗೂಗಲ್ ಫಾರ್ಮ್ಸ್: ಕಥೆ ತರಿಸಿಕೊಳ್ಳಲು ಸರಿ, ತೀರ್ಪಿಗೆ ಬೇರೆಯೇ ಏರ್ಪಾಡು ಬೇಕು

ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಒಮ್ಮೆಯಾದರೂ ಕಥೆ ಕಳಿಸಿದವರಿಗೆ ಒಂದು ನಿಯಮ ಬಾಯಿಪಾಠ ಆಗಿರುತ್ತದೆ: ಕಥೆಯ ಪುಟಗಳಲ್ಲಿ ಎಲ್ಲೂ ಹೆಸರು ಬರೆಯಬಾರದು, ಹೆಸರು, ವಿಳಾಸ, ಫೋನ್ ನಂಬರು ಪ್ರತ್ಯೇಕ ಹಾಳೆಯಲ್ಲಿರಬೇಕು. ಇಡೀ ಸ್ಪರ್ಧೆಯ ಮರ್ಯಾದೆ ನಿಂತಿರುವುದು ಆ ಒಂದು ಹಾಳೆಯ ಮೇಲೆ. ಆನ್‌ಲೈನಿನಲ್ಲಿ ಹವ್ಯಾಸಿ ಬರಹಗಾರರಿಗಾಗಿ ಸ್ಪರ್ಧೆ ನಡೆಸುವವರಿಗೆ ಕೈಗೆ ಮೊದಲು ಸಿಗುವ ಸಾಧನ ಗೂಗಲ್ ಫಾರ್ಮ್ಸ್. ಪುಕ್ಕಟೆ, ಫೋನಿನಲ್ಲೇ ತೆರೆಯುತ್ತದೆ, ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಆದರೆ ಪ್ರತ್ಯೇಕ ಹಾಳೆಯ ಕೆಲಸವನ್ನು ಅದು ತಾನಾಗಿ ಮಾಡುವುದಿಲ್ಲ, ಕೆಲವು ಕಡೆ ಕೆಡಿಸಿಯೇ ಬಿಡುತ್ತದೆ. ನೂರು–ನೂರೈವತ್ತು ಕಥೆ ಬರುವ, 2,500 ಪದಗಳ ಮಿತಿಯ, 18 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶವಿರುವ, ವಯಸ್ಕ ಓದುಗರಿಗೆಂದೇ ಬರೆದ ಕಥೆಗಳ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಮರ್ಶೆ.

ಮೊದಲ ತಪ್ಪು ಆಗುವುದು ಫೈಲ್ ಅಪ್‌ಲೋಡ್ ಪ್ರಶ್ನೆಯಲ್ಲಿ. ವರ್ಡ್ ಫೈಲ್ ತರಿಸಿಕೊಂಡರೆ ಸುಲಭ ಅನ್ನಿಸುತ್ತದೆ. ಆದರೆ ಬಂದ ಪ್ರತಿ ಫೈಲಿನ ಹೆಸರಿನ ಕೊನೆಗೆ ಗೂಗಲ್ ತಾನೇ ಕಳಿಸಿದವರ ಹೆಸರು ಸೇರಿಸುತ್ತದೆ. ‘ಮಳೆ’ ಎಂದು ಹೆಸರಿಟ್ಟು ಕಳಿಸಿದ ಫೈಲು ಡ್ರೈವ್‌ನಲ್ಲಿ ‘ಮಳೆ’ಯ ಮುಂದೆ ಗೆರೆ ಎಳೆದು ಲೇಖಕರ ಖಾತೆಯ ಹೆಸರನ್ನೂ ಹೊತ್ತು ಕೂತಿರುತ್ತದೆ. ಆ ಫೋಲ್ಡರನ್ನು ಹಾಗೆಯೇ ತೀರ್ಪುಗಾರರಿಗೆ ಹಂಚಿದರೆ ಅಲ್ಲಿಗೆ ಗುಟ್ಟು ಮುಗಿಯಿತು. ಹೆಸರು ಬದಲಿಸಿದರೂ ವರ್ಡ್ ಫೈಲಿನ ಒಳಗಿನ ಗುಣಲಕ್ಷಣಗಳಲ್ಲಿ ಲೇಖಕರ ಹೆಸರು ಉಳಿದಿರುವ ಸಂಭವವಿದೆ. ಜೊತೆಗೆ ಅಪ್‌ಲೋಡ್ ಪ್ರಶ್ನೆ ಇರುವ ಫಾರ್ಮನ್ನು ಗೂಗಲ್ ಖಾತೆಗೆ ಲಾಗಿನ್ ಆಗದವರು ತುಂಬಲಾರರು. ಫೈಲುಗಳು ತುಂಬುವುದು ಸ್ಪರ್ಧೆ ನಡೆಸುವವರ ಡ್ರೈವ್‌ನ ಜಾಗವನ್ನು. ಪುಕ್ಕಟೆ ಖಾತೆಯಲ್ಲಿ ಅದು 15 ಜಿಬಿ, ಅದೂ ಜಿಮೇಲ್ ಮತ್ತು ಫೋಟೋಗಳೊಂದಿಗೆ ಹಂಚಿಕೊಂಡದ್ದು. ಹಳೆಯ ಫೋಟೋಗಳಿಂದ ಆ ಜಾಗ ಮೊದಲೇ ತುಂಬಿದ್ದರೆ ಕೊನೆಯ ದಿನ ಅಪ್‌ಲೋಡ್ ನಿಲ್ಲುತ್ತದೆ.

ಗೂಗಲ್ ಡಾಕ್ಸ್ ಲಿಂಕ್ ತರಿಸಿಕೊಳ್ಳುವುದು ಇನ್ನೂ ಕೆಟ್ಟ ದಾರಿ. ಡಾಕ್ಸ್‌ನಲ್ಲಿ ಮಾಲೀಕರ ಹೆಸರು ಕಾಣುತ್ತದೆ, ಕೊನೆಯ ದಿನಾಂಕ ಕಳೆದ ಮೇಲೂ ಕಥೆ ತಿದ್ದಬಹುದು, ಅರ್ಧದಷ್ಟು ಲಿಂಕುಗಳಿಗೆ ಓದುವ ಅನುಮತಿಯೇ ಕೊಟ್ಟಿರುವುದಿಲ್ಲ.

ಹಾಗಾಗಿ ಕಥೆಯನ್ನು ಫಾರ್ಮ್‌ನ ಉದ್ದ ಉತ್ತರದ ಪೆಟ್ಟಿಗೆಗೇ ಪೇಸ್ಟ್ ಮಾಡಿಸುವುದು ಒಳ್ಳೆಯದು. ಇಷ್ಟು ಉದ್ದದ ಕಥೆ ಹಿಡಿಸುತ್ತದೆಯೇ ಎಂಬ ಅನುಮಾನ ಬೇಡ. ಉತ್ತರಗಳು ಹೋಗಿ ಕೂರುವ, ಗೂಗಲ್‌ನ ಲೆಕ್ಕಹಾಳೆಯಾದ ಶೀಟ್ಸ್‌ನ ಒಂದು ಕೋಶಕ್ಕೆ 50,000 ಅಕ್ಷರಸಂಕೇತಗಳ ಮಿತಿ ಇದೆ. ಕನ್ನಡದ ಒಂದು ಪದಕ್ಕೆ ಖಾಲಿ ಜಾಗವೂ ಸೇರಿ ಎಂಟರ ಆಸುಪಾಸು ಹಿಡಿದರೆ 2,500 ಪದಗಳಿಗೆ 20 ಸಾವಿರ ಸಾಕು. ಸಾಲು ಒಡೆದದ್ದು ಹಾಗೆಯೇ ಉಳಿಯುತ್ತದೆ. ದಪ್ಪ ಅಕ್ಷರ, ಓರೆ ಅಕ್ಷರ ಮಾತ್ರ ಹೋಗುತ್ತವೆ. ಕಥೆಯೊಳಗೆ ಕಾಗದ ಅಥವಾ ಸ್ವಗತವನ್ನು ಓರೆ ಅಕ್ಷರದಲ್ಲಿ ಬರೆಯುವವರು ಉದ್ಧರಣ ಚಿಹ್ನೆ ಬಳಸಲಿ ಎಂದು ನಿಯಮದಲ್ಲೇ ಹೇಳಿಬಿಡಬೇಕು.

ಪದಮಿತಿಯಲ್ಲಿ ಫಾರ್ಮ್ಸ್ ಸೋಲುತ್ತದೆ. ಉತ್ತರದ ಉದ್ದ ಪರೀಕ್ಷಿಸುವ ಸೌಲಭ್ಯವಿದೆ, ಆದರೆ ಅದು ಎಣಿಸುವುದು ಪದಗಳನ್ನಲ್ಲ, ಯುನಿಕೋಡ್ (ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿ) ಸಂಕೇತಗಳನ್ನು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಅದರ ಲೆಕ್ಕದಲ್ಲಿ ಆರು: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅರ್ಧಾಕ್ಷರದ ಚಿಹ್ನೆ, ರ, ಈಕಾರದ ಚಿಹ್ನೆ. ಇಂಗ್ಲಿಷ್ ಸ್ಪರ್ಧೆಗಳ ನಿಯಮ ನೋಡಿ 15 ಸಾವಿರದ ಮಿತಿ ಹಾಕಿದರೆ ನಿಯಮದೊಳಗೇ ಇರುವ ಕಥೆಯನ್ನು ಫಾರ್ಮ್ ತಿರಸ್ಕರಿಸುತ್ತದೆ. ಮಿತಿಯನ್ನು 26 ಸಾವಿರಕ್ಕೆ ಸಡಿಲವಾಗಿಟ್ಟು ಪದಗಳನ್ನು ಆಮೇಲೆ ಶೀಟ್ಸ್‌ನಲ್ಲಿ ಎಣಿಸಿ: ಸಾಲು ಒಡೆದ ಕಡೆಯೆಲ್ಲ ಖಾಲಿ ಜಾಗ ಹಾಕಿ, ಜೋಡಿ ಖಾಲಿ ಜಾಗಗಳನ್ನು ಒಂದಾಗಿಸಿ, ಒಟ್ಟು ಉದ್ದದಿಂದ ಖಾಲಿ ಜಾಗಗಳಿಲ್ಲದ ಉದ್ದ ಕಳೆದು ಒಂದು ಕೂಡಿಸಿದರೆ ಪದಸಂಖ್ಯೆ ಸಿಗುತ್ತದೆ. ‘ಬಂದುಬಿಟ್ಟಿದ್ದನಂತೆ’ ಎಂದು ಕೂಡಿಸಿ ಬರೆಯುವವರೂ ‘ಬಂದು ಬಿಟ್ಟಿದ್ದನಂತೆ’ ಎಂದು ಬಿಡಿಸಿ ಬರೆಯುವವರೂ ಇರುವ ಭಾಷೆ ನಮ್ಮದು. ಶೇಕಡಾ 5ರಷ್ಟು ರಿಯಾಯಿತಿ ಕೊಡುವುದು ನ್ಯಾಯ. ಕೊಡುತ್ತೇವೆ ಎಂಬುದನ್ನು ಮೊದಲೇ ಪ್ರಕಟಿಸುವುದು ಅದಕ್ಕಿಂತ ನ್ಯಾಯ.

ಕನ್ನಡಕ್ಕೇ ಇರುವ ಇನ್ನೊಂದು ತೊಡಕು ‘ನುಡಿ’ ಮತ್ತು ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು. ಯುನಿಕೋಡ್ ಅಲ್ಲದ ಶೈಲಿಯಲ್ಲಿ ಟೈಪ್ ಮಾಡಿದ ಕಥೆಯನ್ನು ಪೆಟ್ಟಿಗೆಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ರಾಶಿ ಕಾಣುತ್ತದೆ. ಇದು ಪೇಸ್ಟ್ ಮಾಡಿದವರ ಕಣ್ಣಿಗೇ ಬೀಳುತ್ತದೆ ಎನ್ನುವುದೂ ಈ ಪೆಟ್ಟಿಗೆಯ ಲಾಭ. ಫೈಲಾದರೆ ತೀರ್ಪುಗಾರರ ಫೋನಿನಲ್ಲಿ ತೆರೆದಾಗಲೇ ಗೊತ್ತಾಗುವುದು. ಕಥೆಯ ಶೀರ್ಷಿಕೆಯ ಪೆಟ್ಟಿಗೆಗೆ ‘[ಅ-ಹ] ಒಳಗೊಂಡಿರಬೇಕು’ ಎಂಬ ಪರೀಕ್ಷೆ (ಒಂದಾದರೂ ಕನ್ನಡ ಅಕ್ಷರ ಇರಬೇಕು ಎಂದರ್ಥ) ಹಾಕಿ, ತಪ್ಪಿದರೆ ‘ದಯವಿಟ್ಟು ಯುನಿಕೋಡ್‌ಗೆ ಬದಲಾಯಿಸಿ ಪೇಸ್ಟ್ ಮಾಡಿ’ ಎಂದು ಕನ್ನಡದಲ್ಲೇ ಸೂಚನೆ ಬರುವಂತೆ ಮಾಡಬಹುದು. ಒಂದು ಪ್ರಶ್ನೆಗೆ ಒಂದೇ ಪರೀಕ್ಷೆ ಹಾಕಲು ಸಾಧ್ಯವಿರುವುದರಿಂದ ಕಥೆಯ ಪೆಟ್ಟಿಗೆ ಉದ್ದದ ಪರೀಕ್ಷೆಗೆ, ಶೀರ್ಷಿಕೆಯ ಪೆಟ್ಟಿಗೆ ಲಿಪಿಯ ಪರೀಕ್ಷೆಗೆ. ಯುನಿಕೋಡ್‌ಗೆ ಬದಲಾಯಿಸಿದ ಕಥೆಗಳಲ್ಲಿ ಅರ್ಕಾವತ್ತು ಎಡವುವುದುಂಟು. ‘ಸೂರ್ಯ’ ‘ಸೂಯರ್’ ಆಗಿ, ‘ಕಾರ್ಯ’ ‘ಕಾಯರ್’ ಆಗಿ ಬಂದಿದ್ದರೆ ಅದು ಬರಹಗಾರರ ಕಾಗುಣಿತದ ತಪ್ಪಲ್ಲ, ಪರಿವರ್ತನೆಯ ತಪ್ಪು. ಭಾಷಾಶುದ್ಧಿಗೆ ಅಂಕವಿದ್ದರೆ ತೀರ್ಪುಗಾರರಿಗೆ ಇದನ್ನು ತಿಳಿಸಲೇಬೇಕು. ಪಿಡಿಎಫ್‌ನಿಂದ ನಕಲು ಮಾಡಿದ ಕನ್ನಡ ಇದಕ್ಕಿಂತ ಹೆಚ್ಚು ಮುರಿದಿರುತ್ತದೆ.

ಸೆಟ್ಟಿಂಗ್‌ಗಳ ಪೈಕಿ ಮೂರನ್ನು ಎರಡೆರಡು ಸಲ ನೋಡಬೇಕು. ಫಲಿತಾಂಶದ ಸಾರಾಂಶ ತೋರಿಸುವ ಆಯ್ಕೆ ಕಡ್ಡಾಯವಾಗಿ ಆಫ್ ಆಗಿರಲಿ. ಆನ್ ಆಗಿದ್ದರೆ ಕಥೆ ಕಳಿಸಿದ ಪ್ರತಿಯೊಬ್ಬರಿಗೂ ಉಳಿದವರ ಉತ್ತರಗಳು ಕಾಣುತ್ತವೆ. ಕಳಿಸಿದ ಮೇಲೆ ತಿದ್ದುವ ಅವಕಾಶವೂ ಆಫ್. ತಿದ್ದಿದ ಪ್ರತಿ ಹಳೆಯದರ ಮೇಲೆಯೇ ಬಂದು ಕೂರುವುದರಿಂದ ಮುಂದೆ ತಕರಾರು ಎದ್ದರೆ ತೋರಿಸಲು ಮೂಲಪ್ರತಿ ಇರುವುದಿಲ್ಲ. ಬದಲಿಗೆ ಎರಡನೇ ಸಲ ಕಳಿಸಲು ಬಿಟ್ಟು ‘ಕೊನೆಯದಾಗಿ ಬಂದ ಪ್ರತಿಯನ್ನೇ ಪರಿಗಣಿಸಲಾಗುವುದು’ ಎಂದು ಬರೆಯಿರಿ. ಅದಕ್ಕಾಗಿ ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ತೆಗೆದಿರಬೇಕು. ಇನ್ನು ಇಮೇಲ್ ವಿಳಾಸ: ದೃಢೀಕೃತ ವಿಳಾಸ ಪಡೆಯುವ ಆಯ್ಕೆಯೇ ಮೇಲು. ಲಾಗಿನ್ ಬೇಕಾಗುತ್ತದೆ ನಿಜ, ಆದರೆ ಅಕ್ಷರ ತಪ್ಪಿದ ವಿಳಾಸದಿಂದಾಗಿ ಬಹುಮಾನ ಬಂದವರನ್ನೇ ಹುಡುಕುತ್ತ ಕೂರುವ ಪ್ರಸಂಗ ತಪ್ಪುತ್ತದೆ. ಲಾಗಿನ್ ಆದವರು ಅರ್ಧ ತುಂಬಿ ಬಿಟ್ಟ ಫಾರ್ಮ್ 30 ದಿನ ಉಳಿದಿರುತ್ತದೆ. ಸ್ವೀಕೃತಿಯ ಇಮೇಲ್ ಎಲ್ಲರಿಗೂ ಹೋಗುವಂತೆ ಇಡಿ. ಮೊದಲ ಸಲ ಕಥೆ ಕಳಿಸುವವರಿಗೆ ‘ತಲುಪಿತು’ ಎಂಬ ಆ ಒಂದು ಸಾಲು ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ಸ್ಪರ್ಧೆ ನಡೆಸುವವರು ಮರೆಯಬಾರದು.

ಕೊನೆಯ ದಿನಾಂಕಕ್ಕೆ ಗಂಟೆಯೂ ಬೇಕು, ಕಾಲವಲಯವೂ ಬೇಕು. ಶೀಟ್ಸ್‌ನಲ್ಲಿ ದಾಖಲಾಗುವ ಸಮಯ ಆ ಶೀಟ್‌ನ ಸೆಟ್ಟಿಂಗ್ ಹೇಳಿದ ಕಾಲವಲಯದ್ದು. ಅದು ಭಾರತಕ್ಕೆ ಇದೆಯೇ ಎಂದು ಮೊದಲ ಕಥೆ ಬರುವ ಮುಂಚೆ ನೋಡಿ. ಭಾರತದಲ್ಲಿ ರಾತ್ರಿ 11:59 ಆದಾಗ ದುಬೈನಲ್ಲಿ 10:29, ಲಂಡನ್‌ನಲ್ಲಿ ಚಳಿಗಾಲವಾದರೆ ಸಂಜೆ 6:29. ಹೊರದೇಶದ ಕನ್ನಡಿಗರೂ ಬರೆಯುವ ಸ್ಪರ್ಧೆಯಲ್ಲಿ ಈ ಸಾಲನ್ನು ಪ್ರಕಟಣೆಯಲ್ಲೇ ಹಾಕಿದರೆ ಅರ್ಧ ವಿಚಾರಣೆಗಳು ಬರುವುದೇ ಇಲ್ಲ.

ಈಗ ಮುಖ್ಯ ಕೆಲಸ, ಪ್ರತ್ಯೇಕ ಹಾಳೆ. ಉತ್ತರಗಳ ಮೂಲ ಶೀಟ್ ಸಂಚಾಲಕರಲ್ಲಿ ಒಬ್ಬರ ಬಳಿ ಮಾತ್ರ ಇರಬೇಕು, ಅವರು ತೀರ್ಪು ಕೊಡಬಾರದು. ಪ್ರತಿ ಕಥೆಗೂ ಸಂಕೇತ ಸಂಖ್ಯೆ ಕೊಡಿ, ಬಂದ ಕ್ರಮದಲ್ಲಿ ಬೇಡ. ಯಾದೃಚ್ಛಿಕ ಸಂಖ್ಯೆಗಳಿಂದ ಸಾಲುಗಳನ್ನು ಕಲೆಸಿ ಆಮೇಲೆ ಕೊಡಿ. ನಂತರ ಸಂಕೇತ, ಶೀರ್ಷಿಕೆ, ಕಥೆ, ಈ ಮೂರೇ ಕಂಬಗಳನ್ನು (ಕಾಲಂ) ಹೊಸ ಕಡತಕ್ಕೆ ಬರಿಯ ಮೌಲ್ಯಗಳಾಗಿ ಪೇಸ್ಟ್ ಮಾಡಿ. ಇಲ್ಲಿ ಜಾಣರೇ ಎಡವುವ ಕಡೆ ಎಂದರೆ ಒಂದು ಶೀಟ್‌ನ ಮಾಹಿತಿಯನ್ನು ಇನ್ನೊಂದಕ್ಕೆ ಎಳೆದುಕೊಳ್ಳುವ ಇಂಪೋರ್ಟ್‌ರೇಂಜ್ ಸೂತ್ರ. ಒಮ್ಮೆ ಎರಡು ಕಡತಗಳ ನಡುವೆ ಅನುಮತಿ ಕೊಟ್ಟರೆ ಹೊಸ ಕಡತವನ್ನು ತಿದ್ದಬಲ್ಲ ಯಾರಾದರೂ ಮೂಲ ಕಡತದ ಯಾವ ಕಂಬವನ್ನಾದರೂ ಎಳೆದುಕೊಳ್ಳಬಹುದು, ಹೆಸರಿನ ಕಂಬವನ್ನೂ ಸೇರಿ. ಕಂಬ ಮರೆಮಾಡುವುದು, ಹಾಳೆ ಮರೆಮಾಡುವುದು ಕೂಡ ರಕ್ಷಣೆಯಲ್ಲ.

ಶೀಟ್‌ನ ಕೋಶದಲ್ಲಿ ಕಥೆ ಓದುವುದು ಶಿಕ್ಷೆ. ಪ್ರತಿ ಕಥೆಯನ್ನೂ ಸಂಕೇತವನ್ನೇ ಹೆಸರಾಗಿಟ್ಟ ಒಂದು ಡಾಕ್ಸ್ ಕಡತಕ್ಕೆ ಹಾಕಿ, ನೋಟೋ ಸೆರಿಫ್ ಕನ್ನಡದಂಥ ಅಕ್ಷರಶೈಲಿಯಲ್ಲಿ 14ರ ಗಾತ್ರಕ್ಕೆ ಇಟ್ಟು, ಓದಲು ಮಾತ್ರ ಅನುಮತಿ ಕೊಟ್ಟು ಹಂಚಿ. ಇಂಥ ಕೆಲಸಗಳನ್ನು ತಾನಾಗಿ ಮಾಡಿಸುವ ಗೂಗಲ್‌ನ ಕೋಡ್ ಸಾಧನ ಆ್ಯಪ್ಸ್ ಸ್ಕ್ರಿಪ್ಟ್ ಬಲ್ಲವರಿದ್ದರೆ ಇಪ್ಪತ್ತು ಸಾಲಿನ ಕೋಡ್ ಈ ಕೆಲಸ ಮಾಡುತ್ತದೆ. ಕಡತದ ಮಾಲೀಕರು ಸಂಚಾಲಕರೇ ಆದ್ದರಿಂದ ಲೇಖಕರ ಸುಳಿವು ಎಲ್ಲೂ ಇರುವುದಿಲ್ಲ.

ತೀರ್ಪುಗಾರರ ಹೊರೆಯನ್ನು ಮೊದಲೇ ಲೆಕ್ಕ ಹಾಕಿ. 120 ಕಥೆ, ಒಂದಕ್ಕೆ 12 ನಿಮಿಷ ಅಂದರೆ 24 ಗಂಟೆಯ ಓದು, ಅಂಕ–ಟಿಪ್ಪಣಿ ಬಿಟ್ಟು. ಇದನ್ನು ಮೂವರ ಮೇಲೂ ಹೇರಿದರೆ ಕೊನೆಯ ನಲವತ್ತು ಕಥೆಗಳಿಗೆ ಸಿಗುವುದು ದಣಿದ ಕಣ್ಣು. ಎಂಟು ಜನ ಓದುಗರನ್ನು ಮೊದಲ ಸುತ್ತಿಗೆ ಹಿಡಿಯಿರಿ. ಪ್ರತಿ ಕಥೆಯನ್ನೂ ಇಬ್ಬರು ಓದಿದರೆ ತಲೆಗೆ 30 ಕಥೆ, ಆರು ಗಂಟೆ. ಅಲ್ಲಿಂದ ಬಂದ 20 ಕಥೆಗಳನ್ನು ಮೂವರು ತೀರ್ಪುಗಾರರೂ ಪೂರ್ತಿ ಓದಲಿ. ಇಬ್ಬರ ಅಂಕಗಳ ನಡುವೆ ತುಂಬ ಅಂತರವಿರುವ ಕಥೆಗೆ ಮೂರನೇ ಓದು ಕೊಡಿಸಲೇಬೇಕು. ಒಬ್ಬರಿಗೆ ತೀರಾ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದ ಕಥೆಯಲ್ಲೇ ಹೊಸದೇನಾದರೂ ಇರುವ ಸಾಧ್ಯತೆ ಹೆಚ್ಚು, ಸರಾಸರಿ ಅಂಥದ್ದನ್ನು ಸದ್ದಿಲ್ಲದೆ ಹೊರಗಿಡುತ್ತದೆ.

ಅಂಕ ಹಾಕಲು ಮತ್ತೊಂದು ಫಾರ್ಮ್ ಮಾಡುವುದು ಬೇಡ. ಮೂವತ್ತು ಸಲ ಅದನ್ನೇ ತೆರೆದು ತುಂಬುವುದು ಬೇಸರ ಹಿಡಿಸುತ್ತದೆ, ಸಂಕೇತ ತಪ್ಪಿ ನಮೂದಿಸುವ ಅಪಾಯವೂ ಇದೆ. ಪ್ರತಿಯೊಬ್ಬರಿಗೂ ಅವರದೇ ಒಂದು ಶೀಟ್ ಕೊಡಿ, ಇನ್ನೊಬ್ಬರ ಅಂಕ ಕಾಣದಂತೆ. ಅಂಕಗಳನ್ನು ನೇರವಾಗಿ ಕೂಡಿಸಬೇಡಿ. ಒಬ್ಬರು 6ರಿಂದ 8ರೊಳಗೇ ಅಂಕ ಕೊಡುತ್ತಾರೆ, ಇನ್ನೊಬ್ಬರು 2ರಿಂದ 10ರವರೆಗೂ ಚಾಚುತ್ತಾರೆ. ಕೂಡಿಸಿದಾಗ ಎರಡನೆಯವರೊಬ್ಬರೇ ಬಹುಮಾನ ನಿರ್ಧರಿಸಿದಂತಾಗುತ್ತದೆ. ಪ್ರತಿ ಅಂಕದಿಂದ ಆ ತೀರ್ಪುಗಾರರ ಸರಾಸರಿ ಕಳೆದು, ಅವರ ಅಂಕಗಳ ಮಾನಕ ವಿಚಲನೆಯಿಂದ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ, ಆಮೇಲೆ ಕೂಡಿಸಿ. ಶೀಟ್ಸ್‌ನಲ್ಲಿ ಎರಡಕ್ಕೂ ಸಿದ್ಧ ಸೂತ್ರಗಳಿವೆ. ಮೊದಲ ಮೂರು ಸ್ಥಾನಗಳನ್ನು ಮಾತ್ರ ಲೆಕ್ಕಕ್ಕೆ ಬಿಡದೆ, ಮೇಲಿನ ಆರು ಕಥೆಗಳನ್ನಿಟ್ಟುಕೊಂಡು ಮೂವರೂ ಮಾತಾಡಿ ತೀರ್ಮಾನಿಸಲಿ.

ವಯಸ್ಕರ ಕಥೆಗಳ ಸ್ಪರ್ಧೆಯಾದ್ದರಿಂದ ಫಾರ್ಮ್‌ನ ಮೊದಲ ಪುಟದಲ್ಲೇ ವಯಸ್ಸಿನ ಪ್ರಶ್ನೆ ಬರಲಿ. ‘18 ತುಂಬಿಲ್ಲ’ ಎಂದವರನ್ನು ನೇರ ಕೊನೆಗೆ ಕಳಿಸುವ ವಿಭಾಗ ಸೌಲಭ್ಯ ಫಾರ್ಮ್ಸ್‌ನಲ್ಲಿ ಚೆನ್ನಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದ್ದರಿಂದ ವಯಸ್ಸಿನ ಪ್ರಶ್ನೆಗೂ ಮುಂಚೆ ಹೆಸರು, ಫೋನ್ ಕೇಳಬಾರದು. ಕಥೆಗಳನ್ನು ಪ್ರಕಟಿಸುವಾಗ ಆನ್‌ಲೈನಿನಲ್ಲಿ ಅಶ್ಲೀಲ ಬರಹ ಪ್ರಕಟಿಸುವುದನ್ನು ಅಪರಾಧವೆನ್ನುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ನೆನಪಿರಲಿ. ಸಾಹಿತ್ಯದ ಹಿತಕ್ಕೆಂದು ಸಮರ್ಥಿಸಬಹುದಾದ ಬರವಣಿಗೆಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಆದರೆ ಯಾವುದು ಸಾಹಿತ್ಯ ಎಂಬ ವಾದಕ್ಕೆ ಸ್ಪರ್ಧೆಯ ನಿಯಮಾವಳಿ ಸ್ಪಷ್ಟವಾಗಿರಬೇಕು: ಕಾಮ, ಹಿಂಸೆ ಕಥೆಗೆ ಬೇಕಾದಷ್ಟು ಬರಬಹುದು, ಅಪ್ರಾಪ್ತರನ್ನು ಲೈಂಗಿಕವಾಗಿ ಚಿತ್ರಿಸಿದ ಕಥೆ ತೀರ್ಪಿಗೆ ಹೋಗದೆಯೇ ಹೊರಕ್ಕೆ. ಓದುಗರ ತಂಡಕ್ಕೆ ಹಂಚುವಾಗ ಕಥೆಯ ವಸ್ತುವಿನ ಎಚ್ಚರಿಕೆ ಒಂದು ಕಂಬದಲ್ಲಿರಲಿ, ಬೇಡದವರು ಬದಲಾಯಿಸಿಕೊಳ್ಳಲಿ.

‘ಕಳಿಸಿದ ಕಥೆಯ ಹಕ್ಕು ಸಂಘಟಕರದ್ದು’ ಎಂಬ ಸಾಲನ್ನು ದಯವಿಟ್ಟು ಹಾಕಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು; ಅವಧಿ ಹೇಳದಿದ್ದರೆ ಅದು ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಫಾರ್ಮ್‌ನ ಮೂಲೆಯ ಒಂದು ಟಿಕ್ ಗುರುತನ್ನು ನೆಚ್ಚಿಕೊಂಡು ಹೊಸಬರ ಮೊದಲ ಕಥೆಯನ್ನು ಕಿತ್ತುಕೊಳ್ಳುವುದು ಕಾನೂನಿನಲ್ಲೂ ನಿಲ್ಲದು, ಸಭ್ಯತೆಯೂ ಅಲ್ಲ. ಬಹುಮಾನಿತ ಕಥೆಗಳನ್ನು ಒಂದು ಸಲ ಪ್ರಕಟಿಸುವ ಅನುಮತಿ ಕೇಳಿ, ಅಷ್ಟು ಸಾಕು.

ಫಲಿತಾಂಶದ ದಿನ ಪುಕ್ಕಟೆ ಖಾತೆಯ ಇನ್ನೊಂದು ಮಿತಿ ಎದುರಾಗುತ್ತದೆ. ಆ್ಯಪ್ಸ್ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ಜನರಿಗಷ್ಟೇ ಇಮೇಲ್ ಹೋಗುತ್ತದೆ. 120 ಜನ ಬರೆದಿದ್ದರೆ ಕೊನೆಯ 20 ಮಂದಿ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳುತ್ತಾರೆ. ಬಹುಮಾನ ಬಾರದವರಿಗೆ ಹಿಂದಿನ ದಿನವೇ ಅರ್ಧ, 24 ಗಂಟೆ ಕಳೆದ ಮೇಲೆ ಉಳಿದರ್ಧ ಕಳಿಸಿ, ಎಲ್ಲ ತಲುಪಿದ ಮೇಲೆ ಹೆಸರುಗಳನ್ನು ಪ್ರಕಟಿಸಿ. ಮೊದಲ ಸುತ್ತಿನ ಓದುಗರು ಬರೆದ ಎರಡು ಸಾಲಿನ ಟಿಪ್ಪಣಿಯನ್ನು ಸಂಕೇತದ ಮೂಲಕ ಆ ಇಮೇಲ್‌ಗೇ ಜೋಡಿಸಬಹುದು. ಶೀಟ್‌ನಲ್ಲಿ ಅದು ಆಗಲೇ ಇರುತ್ತದೆ. ಬಹುಮಾನದ ಹಣ ತಲುಪಿ ಮೂರು ತಿಂಗಳಾದ ಮೇಲೆ ಹೆಸರು–ಫೋನ್ ಇರುವ ಮೂಲ ಶೀಟ್ ಅಳಿಸಿ, ಫಾರ್ಮ್‌ನ ಒಳಗಿನ ಉತ್ತರಗಳನ್ನೂ ಬೇರೆಯಾಗಿ ಅಳಿಸಿ. ಶೀಟ್ ಅಳಿಸಿದ ಮಾತ್ರಕ್ಕೆ ಫಾರ್ಮ್‌ನಲ್ಲಿ ಉಳಿದ ಪ್ರತಿ ಹೋಗುವುದಿಲ್ಲ.