ಆಲ್ಟ್-ಟ್ಯಾಬ್ ಒತ್ತಿದಾಗ ಅಪ್ಲಿಕೇಶನ್ ಬೇಕೇ, ವಿಂಡೋ ಬೇಕೇ?

ಬೆಳಗಾವಿಯಲ್ಲಿ ಮರಾಠಿ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸುವ ನನ್ನ ಕೆಲಸದಲ್ಲಿ ಮೂಲ, ಅನುವಾದ, ಪದಪಟ್ಟಿ ಎಂದು ಬರವಣಿಗೆಯ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರ್‌ನ ಮೂರು ವಿಂಡೋಗಳು ಸದಾ ತೆರೆದಿರುತ್ತವೆ. ಅವುಗಳ ಜತೆಗೆ ಸ್ಕ್ಯಾನ್ ಮಾಡಿದ ಪುಟಗಳು ಮತ್ತು ಫೈರ್‌ಫಾಕ್ಸ್ ಇರುತ್ತವೆ. ಆಲ್ಟ್-ಟ್ಯಾಬ್ ಒತ್ತಿ ಇವುಗಳ ನಡುವೆ ಓಡಾಡಲು ಅಪ್ಲಿಕೇಶನ್ ಕ್ರಮ, ವಿಂಡೋ ಕ್ರಮ ಎಂದು ಎರಡಿವೆ; ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಎರಡನ್ನೂ ಬಳಸಿ ನೋಡಿದ್ದೇನೆ.

2011ರಲ್ಲಿ ಬಂದ ಗ್ನೋಮ್ 3, ಆಲ್ಟ್-ಟ್ಯಾಬ್ ಒತ್ತಿದಾಗ ವಿಂಡೋಗಳ ಬದಲು ಅಪ್ಲಿಕೇಶನ್‌ಗಳ ಚಿಹ್ನೆಗಳನ್ನು ಸಾಲಾಗಿ ತೋರಿಸತೊಡಗಿತು. ಒಂದೇ ಅಪ್ಲಿಕೇಶನ್‌ನ ವಿಂಡೋಗಳಲ್ಲಿ ಅಡ್ಡಾಡಲು ಟ್ಯಾಬ್‌ನ ಮೇಲಿರುವ ಕೀಯನ್ನು ಆಲ್ಟ್ ಜತೆ ಒತ್ತಬೇಕು. ಮ್ಯಾಕ್‌ನಲ್ಲಿಯೂ ಕಮಾಂಡ್ ಕೀಯೊಂದಿಗೆ ಇದೇ ಪದ್ಧತಿಯಿದೆ; ವಿಂಡೋಸ್ ಆದರೋ ವಿಂಡೋಗಳನ್ನೇ ಬಿಡಿಬಿಡಿಯಾಗಿ ಮುಂದಿಡುತ್ತದೆ.

ಅಪ್ಲಿಕೇಶನ್ ಕ್ರಮದಲ್ಲಿ ಚಿಹ್ನೆಗಳು ಕೆಲವೇ ಆದ್ದರಿಂದ ಕಣ್ಣಿಗೆ ತ್ರಾಸಿಲ್ಲ. ಆದರೆ ಮೂಲದಿಂದ ಅನುವಾದಕ್ಕೆ ಹೋಗಲು ಒಂದು ಕೀ, ಅನುವಾದದಿಂದ ಸ್ಕ್ಯಾನ್ ಪುಟಕ್ಕೆ ಹೋಗಲು ಇನ್ನೊಂದು ಕೀ ಬೇಕಾಗುವುದರಿಂದ, ನನಗೆ ಬೇಕಾದ ಕಾಗದ ಯಾವ ಅಪ್ಲಿಕೇಶನ್‌ನಲ್ಲಿದೆ ಎಂಬುದನ್ನು ಪ್ರತಿ ಸಲವೂ ಮೊದಲೇ ಯೋಚಿಸಬೇಕಾಗುತ್ತದೆ. ವಾಕ್ಯದ ಅರ್ಥವನ್ನು ಹಿಡಿಯಹೊರಟ ಮನಸ್ಸಿಗೆ ಈ ಲೆಕ್ಕಾಚಾರ ಬೇಡವಾದ ಹೊರೆ. ವಿಂಡೋ ಕ್ರಮದಲ್ಲಿ ಕೊನೆಯದಾಗಿ ಬಳಸಿದ ವಿಂಡೋವೇ ಮೊದಲು ಬರುವುದರಿಂದ, ಎರಡು ಕಾಗದಗಳು ಒಂದೇ ಅಪ್ಲಿಕೇಶನ್‌ನಲ್ಲಿರಲಿ, ಬೇರೆಯದರಲ್ಲಿರಲಿ, ಒಂದೇ ಒತ್ತಿಗೆ ಅತ್ತಿಂದಿತ್ತ ಹೋಗಿಬರಬಹುದು.

ಇದಕ್ಕೂ ಒಂದು ಕೊರತೆಯಿದೆ. ಅಕ್ಷರ ತುಂಬಿದ ಪುಟಗಳ ಚಿಕ್ಕ ಚಿತ್ರಗಳು ಒಂದರಂತೆ ಇನ್ನೊಂದು ಕಾಣುತ್ತವೆ, ಹೆಸರು ಕಾಣುವುದು ಆಯ್ಕೆಯಾದ ವಿಂಡೋದ್ದು ಮಾತ್ರ. ಆದ್ದರಿಂದ ಫೈಲಿನ ಹೆಸರನ್ನು ‘ಮೂಲ’, ‘ಕನ್ನಡ’ ಎಂಬ ಪದಗಳಿಂದಲೇ ಆರಂಭಿಸುತ್ತೇನೆ. ಇನ್ನು, ಗ್ನೋಮ್‌ನ ವಿಂಡೋ ಪಟ್ಟಿ ನಾವಾಗಿ ಬದಲಿಸದ ಹೊರತು ಸದ್ಯದ ವರ್ಕ್‌ಸ್ಪೇಸ್‌ನಲ್ಲಿ, ಅಂದರೆ ವಿಂಡೋಗಳನ್ನು ಗುಂಪಾಗಿ ಇಡಬಹುದಾದ ಬೇರೆಬೇರೆ ಪರದೆಗಳ ಪೈಕಿ ಈಗ ಎದುರಿಗಿರುವುದರಲ್ಲಿ, ಇರುವುದನ್ನಷ್ಟೇ ತೋರಿಸುತ್ತದೆ, ಅಪ್ಲಿಕೇಶನ್ ಪಟ್ಟಿ ಎಲ್ಲವನ್ನೂ ತೋರಿಸುತ್ತದೆ. ಒಂದೊಂದು ಗಿರಾಕಿಯ ಕೆಲಸವನ್ನು ಒಂದೊಂದು ವರ್ಕ್‌ಸ್ಪೇಸ್‌ನಲ್ಲಿ ಇಡುವ ನನಗೆ, ಒಬ್ಬರ ಜಮೀನಿನ ಪತ್ರಗಳ ನಡುವೆ ಮತ್ತೊಬ್ಬರ ಕರಾರುಪತ್ರ ನುಸುಳದಿರುವುದು ಬಹಳ ದೊಡ್ಡ ಅನುಕೂಲ.

ಹಾಗಾಗಿ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಆಲ್ಟ್-ಟ್ಯಾಬ್ ಅನ್ನು ವಿಂಡೋಗಳಿಗೂ ಸೂಪರ್-ಟ್ಯಾಬ್ ಅನ್ನು (ಸೂಪರ್ ಎಂದರೆ ಸಾಮಾನ್ಯವಾಗಿ ವಿಂಡೋಸ್ ಚಿಹ್ನೆಯಿರುವ ಕೀ) ಅಪ್ಲಿಕೇಶನ್‌ಗಳಿಗೂ ಕೊಟ್ಟಿದ್ದೇನೆ. ಬೇರೆ ವರ್ಕ್‌ಸ್ಪೇಸ್‌ನಲ್ಲಿ ಬಿಟ್ಟುಬಂದದ್ದನ್ನು ಹುಡುಕುವಾಗ ಎರಡನೆಯದು ನೆರವಾಗುತ್ತದೆ. ಪ್ರತಿ ಅಪ್ಲಿಕೇಶನ್‌ನಲ್ಲಿ ಒಂದೇ ವಿಂಡೋ ತೆರೆದಿಟ್ಟುಕೊಳ್ಳುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಕಾಣಿಸದು. ಅಂಥವರು ಇದ್ದದ್ದನ್ನು ಬದಲಿಸದಿರುವುದೇ ಲೇಸು.